ಚೀಟಿಗೊಂದು ಬಟನ್: ವಾಚನಾಲಯದ ಪ್ರಶ್ನೋತ್ತರ ಹಲಗೆಗೆ ಮೆಚ್ಚುಗೆ ಗುಂಡಿ ಕೂರಿಸಿದ ಕೆಲಸದ ಟಿಪ್ಪಣಿ

ಉಡುಪಿ ಜಿಲ್ಲೆಯ ಕಟಪಾಡಿ ಕಡೆಯ ಒಂದು ಯುವಕ ಮಂಡಲದ ವಾಚನಾಲಯ. ಗೋಡೆಯಲ್ಲಿ ಪ್ರಶ್ನೋತ್ತರದ ಹಲಗೆ ಉಂಟು. ಒಬ್ಬರು ಪ್ರಶ್ನೆ ಬರೆದು ಪಿನ್ ಚುಚ್ಚುತ್ತಾರೆ, ಗೊತ್ತಿದ್ದವರು ಉತ್ತರ ಬರೆದು ಅಂಟಿಸುತ್ತಾರೆ. ಮಟ್ಟುಗುಳ್ಳಕ್ಕೆ (ಮಟ್ಟು ಊರಿನ ಬದನೆ) ಹುಳ ಬಿದ್ದರೆ ಏನು ಮಾಡುವುದು, ಬಾವಿಯ ಪಂಪು ಗಾಳಿ ಹಿಡಿದರೆ ಏನು ಮಾಡುವುದು, ಇಂಥವು. ಉತ್ತರ ಹೆಚ್ಚಿ ಜಾಗ ಸಾಲದೆ ಹೋದಾಗ ಯಾವುದನ್ನು ಉಳಿಸುವುದು, ಯಾವುದನ್ನು ತೆಗೆಯುವುದು ಎಂಬ ಚರ್ಚೆ ಬಂತು. ಪ್ರತಿ ಚೀಟಿಯ ಕೆಳಗೆ ಮೆಚ್ಚುಗೆಯ ಬಟನ್ ಇಟ್ಟರೆ ಓದುಗರೇ ಆರಿಸುತ್ತಾರೆ ಎಂದು ಕೆಲವರು ಹೇಳಿದರು. ಬಟನ್ ಬಂದರೆ ಉತ್ತರ ಬರೆಯುವುದು ಬಿಟ್ಟು ಅಂಕಿ ನೋಡುವುದೇ ಕೆಲಸವಾಗುತ್ತದೆ ಎಂದು ಉಳಿದವರು. ಮಾತಿನಲ್ಲಿ ಮುಗಿಯುವಂಥದ್ದಲ್ಲ ಎಂದು ಕಂಡದ್ದರಿಂದ ಮಾಡಿಯೇ ನೋಡಿದ್ದಾಯಿತು. ಕೆಲಸ ಏಪ್ರಿಲ್ ಕೊನೆಗೆ ಶುರುವಾಯಿತು. ಈಗ ಗೋಡೆಯಲ್ಲಿರುವುದು ಮೂರನೆಯ ರೂಪ.

ಹಂತ 1: ಹಲಗೆ

18 ಮಿ.ಮೀ. ದಪ್ಪದ ಪ್ಲೈವುಡ್, 4 ಅಡಿ ಅಗಲ, 3 ಅಡಿ ಎತ್ತರ. ಮಾಮೂಲಿ ಎಮ್‌ಆರ್ ಪ್ಲೈ ಬೇಡ, ನಮ್ಮ ಜೂನ್ ತಿಂಗಳ ಗಾಳಿಗೆ ಅಂಚು ಉಬ್ಬಿ ಪದರ ಬಿಡುತ್ತದೆ. ಐಎಸ್ 710 ಎಂದು ಅಚ್ಚೊತ್ತಿದ ಮರೀನ್ ಪ್ಲೈ ತಂದೆವು. ಕೊರೆದ ಪ್ರತಿಯೊಂದು ತೂತಿನ ಒಳಬದಿಗೂ ವಾರ್ನಿಷ್ ಹಚ್ಚಬೇಕು. ಪ್ಲೈ ಎಷ್ಟೇ ಒಳ್ಳೆಯದಾದರೂ ನೀರು ಕುಡಿಯುವುದು ಕೊಯ್ದ ಬಾಯಿಯಿಂದಲೇ.

ಆರು ಚೀಟಿಗೆ ಜಾಗ: ಮೇಲೆ ಕೆಳಗೆ ಎರಡು ಸಾಲು, ಸಾಲಿಗೆ ಮೂರು ಚೀಟಿ. ಚೀಟಿ ಎ5 ಅಳತೆ, ಅಂದರೆ 148 × 210 ಮಿ.ಮೀ. ಹಲಗೆಯ ಕೆಳ ಅಂಚು ನೆಲದಿಂದ 750 ಮಿ.ಮೀ. ಕೆಳಸಾಲಿನ ಬಟನ್ ನೆಲದಿಂದ 830ರಲ್ಲಿ, ಮೇಲಿನದ್ದು 1260ರಲ್ಲಿ ಬಂತು. ಮಕ್ಕಳಿಗೂ ಗಾಲಿಕುರ್ಚಿಯಲ್ಲಿ ಬರುವವರಿಗೂ ಎರಡೂ ಸಾಲು ಕೈಗೆಟಕಬೇಕು ಎಂದು ಈ ಎತ್ತರ.

ಹಂತ 2: ಬಟನ್, ಮತ್ತು ಮೊದಲ ತಪ್ಪು

ಮೊದಲು ಹಾಕಿದ್ದು 12 ಮಿ.ಮೀ.ನ ಚಿಕ್ಕ ಟ್ಯಾಕ್ಟೈಲ್ ಸ್ವಿಚ್, ಚೂರು ಪಿಸಿಬಿಗೆ ಬೆಸುಗೆ ಹಾಕಿ. ಒಂದು ವಾರದಲ್ಲಿ ಎರಡು ಕಿತ್ತು ಬಂದವು. ಗೋಡೆಯ ಬಟನನ್ನು ಜನ ಬೆರಳ ತುದಿಯಿಂದಲ್ಲ, ಹೆಬ್ಬೆರಳಿನಿಂದ ಬಲ ಹಾಕಿ ಒತ್ತುತ್ತಾರೆ. ಆ ಬಲ ನೇರ ಬೆಸುಗೆಯ ಮೇಲೆ ಬೀಳುತ್ತದೆ.

ಎರಡನೆಯ ಸಲ ತಂದದ್ದು 16 ಮಿ.ಮೀ. ತೂತಿಗೆ ಕೂರುವ ಲೋಹದ ಬಟನ್, ಒಂದಕ್ಕೆ 95 ರೂಪಾಯಿ. ಇದರ ಮರೆ (ನಟ್ಟು ಹತ್ತುವ ತಿರುಪಿನ ಭಾಗ) ಸುಮಾರು 10 ಮಿ.ಮೀ. ಮಾತ್ರ. 18 ಮಿ.ಮೀ. ಪ್ಲೈಯಲ್ಲಿ ನಟ್ಟು ಹಿಡಿಯುವುದೇ ಇಲ್ಲ. ಹಿಂದಿನಿಂದ 12 ಮಿ.ಮೀ. ಆಳ ಕೊರೆದು, ಮುಂದೆ 6 ಮಿ.ಮೀ. ಮರ ಉಳಿಸಬೇಕು. ಇಲ್ಲಿ ಅನುಕ್ರಮ ಮುಖ್ಯ: ದೊಡ್ಡ ಗುಳಿ ಮೊದಲು, 16ರ ತೂತು ಆಮೇಲೆ. ಫ್ಲ್ಯಾಟ್ ಬಿಟ್ಟಿನ ನಡುಮುಳ್ಳು ಕಚ್ಚಿಕೊಳ್ಳಲು ಮರ ಬೇಕು. ಮೊದಲೇ 16ರ ತೂತು ತೆಗೆದರೆ ಬಿಟ್ಟು ಅಲ್ಲಾಡಿ ಗುಳಿ ಹರಿದು ಹೋಗುತ್ತದೆ.

ಅನುಕ್ರಮ ಸರಿ ಇಟ್ಟರೂ ಅಳತೆ ತಪ್ಪಿತು. ಗುಳಿಯನ್ನು 25 ಮಿ.ಮೀ. ಕೊರೆದಿದ್ದೆವು, ಬಟನ್ ಒಳಗೆ ಹೋಯಿತು, ಆದರೆ ನಟ್ಟು ಬಿಗಿಯುವ ಬಾಕ್ಸ್ ಪಾನಾ ಗುಳಿಯೊಳಗೆ ಇಳಿಯಲಿಲ್ಲ. ಆರೂ ಗುಳಿ ದೊಡ್ಡದು ಮಾಡಬೇಕು, ನಡುವೆ ಮರವೇ ಇಲ್ಲ. ಉಪಾಯ ಇದು: ತೂತಿಗೆ ಮರದ ಬೆಣೆ ಬಿಗಿಯಾಗಿ ಹೊಡೆದು, ಅದರ ನಡುವೆ ಗುರುತು ಹಾಕಿ, 32 ಮಿ.ಮೀ. ಬಿಟ್ಟಿನಿಂದ ಪುನಃ ಕೊರೆದು, ಕೊನೆಗೆ ಬೆಣೆ ತಟ್ಟಿ ತೆಗೆಯುವುದು. ಅರ್ಧ ದಿನ ಹೋಯಿತು. ಬಿಟ್ಟು ಕೊಳ್ಳುವ ಮೊದಲು ಪಾನಾದ ಹೊರಸುತ್ತು ಅಳೆದಿದ್ದರೆ ಈ ಕೆಲಸ ಇರುತ್ತಿರಲಿಲ್ಲ.

ಹಂತ 3: ವೈರಿಂಗ್, ಮೊದಲ ರೂಪ

ಲೆಕ್ಕ ಇಡಲು ಆರ್ಡುಯಿನೋ ನ್ಯಾನೋ, ಪ್ರೋಗ್ರಾಮ್ ಹಾಕಬಹುದಾದ ಚಿಕ್ಕ ಸರ್ಕ್ಯೂಟ್ ಬೋರ್ಡು. ಆರು ಬಟನ್ ಅದರ ಡಿ2ರಿಂದ ಡಿ7ರವರೆಗಿನ ಪಿನ್ನುಗಳಿಗೆ. ಪ್ರತಿ ಚೀಟಿಯ ಪಕ್ಕ ನಾಲ್ಕಂಕಿಯ ಟಿಎಮ್1637 ಡಿಸ್‌ಪ್ಲೇ, ಒಟ್ಟು ಆರು. ಕ್ಲಾಕ್ ತಂತಿ ಆರಕ್ಕೂ ಒಂದೇ, ಡಿ8. ಡೇಟಾ ತಂತಿಗಳು ಡಿ9ರಿಂದ ಡಿ12, ಎ0, ಎ1. ಡಿಸ್‌ಪ್ಲೇಗಳಿಗೆ ಕರೆಂಟನ್ನು ನ್ಯಾನೋದ ಯುಎಸ್‌ಬಿ ಮೂಲಕ ಎಳೆಯಬಾರದು, ಬೋರ್ಡಿನ ಡಯೋಡ್ ಬಿಸಿಯಾಗುತ್ತದೆ. 5 ವೋಲ್ಟ್ 2 ಆಂಪಿಯರ್ ಚಾರ್ಜರಿನಿಂದ ನೇರ 5 ವೋಲ್ಟ್ ಸಾಲಿಗೆ ಕೊಟ್ಟೆವು.

ಒಂದು ಡಿಸ್‌ಪ್ಲೇ ಸರಿ, ಎರಡು ಸರಿ, ನಾಲ್ಕನೆಯದು ಸೇರಿದ ಕೂಡಲೇ ಎಲ್ಲದರಲ್ಲೂ ಅಡ್ಡಾದಿಡ್ಡಿ ಗೆರೆ. ಕೆಲವು ಮಾಡ್ಯೂಲ್‌ಗಳಲ್ಲಿ ಕ್ಲಾಕ್ ಮತ್ತು ಡೇಟಾ ಸಾಲಿಗೆ ದೊಡ್ಡ ಕೆಪಾಸಿಟರ್ ಹಾಕಿರುತ್ತಾರೆ. ಒಂದೇ ಕ್ಲಾಕಿಗೆ ಆರನ್ನು ಜೋಡಿಸಿದರೆ ಅವೆಲ್ಲ ಕೂಡಿ ಸಿಗ್ನಲ್ಲಿನ ಏರಿಳಿತವನ್ನೇ ಮೊಂಡು ಮಾಡುತ್ತವೆ. ಐದು ಮಾಡ್ಯೂಲಿನಿಂದ ಆ ಕೆಪಾಸಿಟರ್ ಕಿತ್ತ ಮೇಲೆ ಸರಿಹೋಯಿತು.

ಹಂತ 4: ಯಾರೂ ಒತ್ತದೆ ಏರುವ ಅಂಕಿ

ಮೇ ಎರಡನೆಯ ವಾರ. ರಾತ್ರಿ ಬಾಗಿಲು ಹಾಕುವಾಗ ಬರೆದಿಟ್ಟ ಅಂಕಿಗೂ ಬೆಳಿಗ್ಗೆ ಬೀಗ ತೆಗೆದಾಗಿನ ಅಂಕಿಗೂ ತಾಳೆಯಾಗಲಿಲ್ಲ. ನಾಲ್ಕು ಮತ್ತು ಐದನೆಯ ಚೀಟಿಗೆ ಮಾತ್ರ ಒಂದೆರಡು ಹೆಚ್ಚು. ಟ್ಯೂಬ್‌ಲೈಟ್ ಸ್ವಿಚ್ಚನ್ನು ಇಪ್ಪತ್ತು ಸಲ ಹಾಕಿ ಆರಿಸಿ ನೋಡಿದಾಗ ಕಾರಣ ಸಿಕ್ಕಿತು. ಆ ಎರಡು ಬಟನಿನ ತಂತಿ ಟ್ಯೂಬ್‌ಲೈಟಿನ ಕೇಸಿಂಗ್ ಪಟ್ಟಿಗೆ ಒತ್ತಿಕೊಂಡೇ ಎರಡು ಮೀಟರ್ ಹೋಗಿತ್ತು. ಹಳೆಯ ಚೋಕ್ ಆರುವಾಗ ಏಳುವ ಅಲೆ ತಂತಿಗೆ ದಾಟುತ್ತಿತ್ತು. ನ್ಯಾನೋದ ಒಳಗಿನ ಪುಲ್‌ಅಪ್ (ಬಟನ್ ಒತ್ತದಿದ್ದಾಗ ಪಿನ್ನನ್ನು 5 ವೋಲ್ಟಿಗೆ ಎಳೆದು ಹಿಡಿಯುವ ರೆಸಿಸ್ಟರ್) 20ರಿಂದ 50 ಕಿಲೋ ಓಮ್, ಅಷ್ಟು ಸಡಿಲ ಹಿಡಿತಕ್ಕೆ ಇಂಥ ಅಲೆ ತಡೆಯಲಾಗುವುದಿಲ್ಲ.

ಮಾಡಿದ್ದು: ಬಿಡಿ ತಂತಿ ತೆಗೆದು ಕ್ಯಾಟ್-5 ಕೇಬಲ್, ಪ್ರತಿ ಬಟನಿಗೆ ಅದರದ್ದೇ ಹೆಣೆದ ಜೋಡಿ. ನ್ಯಾನೋದ ತುದಿಯಲ್ಲಿ ಪ್ರತಿ ಪಿನ್ನಿಗೆ 2.2 ಕಿಲೋ ಓಮ್ ಪುಲ್‌ಅಪ್, ಪಿನ್ನಿನಿಂದ ಗ್ರೌಂಡಿಗೆ 100 ನ್ಯಾನೋಫ್ಯಾರಡ್. ಬಟನಿನ ಮೂಲಕ ಈಗ ಸುಮಾರು 2.3 ಮಿಲಿಆಂಪಿಯರ್ ಹರಿಯುತ್ತದೆ. ಉಪ್ಪುಗಾಳಿಯಲ್ಲಿ ಮಸುಕಾಗುವ ಕಾಂಟ್ಯಾಕ್ಟಿಗೆ ಅದೂ ಒಳ್ಳೆಯದೇ. ಪ್ರೋಗ್ರಾಮಿನಲ್ಲಿ 40 ಮಿಲಿಸೆಕೆಂಡ್ ಸತತ ಒತ್ತಿದ್ದರೆ ಮಾತ್ರ ಲೆಕ್ಕ. ಮತ್ತೆ ಇಪ್ಪತ್ತು ಸಲ ಟ್ಯೂಬ್ ಆರಿಸಿದರೂ ಒಂದು ಅಂಕಿ ಕದಲಲಿಲ್ಲ.

ಹಂತ 5: ಕರೆಂಟ್ ಹೋಗಿ 41 ಇದ್ದದ್ದು 255

ಒಂದು ಸಂಜೆ ಗುಡುಗು ಮಳೆಗೆ ಕರೆಂಟ್ ಮೂರ್ನಾಲ್ಕು ಸಲ ಹೋಗಿ ಬಂತು. ಮೂರನೆಯ ಚೀಟಿಯಲ್ಲಿ 41 ಇದ್ದದ್ದು 255 ಆಗಿತ್ತು. ಈ ಅಂಕಿಯೇ ಕಾರಣವನ್ನೂ ಹೇಳುತ್ತದೆ. ಇಇಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಅಂಕಿ ಉಳಿಯುವ, ನ್ಯಾನೋದ ನೆನಪಿನ ಭಾಗ) ಒಂದು ಬೈಟ್ ಬರೆಯುವ ಮೊದಲು ಅದನ್ನು ಅಳಿಸುತ್ತದೆ, ಅಳಿಸಿದ ಬೈಟಿನ ಬೆಲೆ 255. ಅಳಿಸಿ ಬರೆಯುವ ನಡುವೆ ವೋಲ್ಟೇಜ್ ಕುಸಿದಿದೆ.

ಎರಡು ತಿದ್ದುಪಡಿ. ಒಂದು, ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್ ಹಾಕಿ ಬ್ರೌನ್‌ಔಟ್ ಫ್ಯೂಸನ್ನು, ಅಂದರೆ ವೋಲ್ಟೇಜ್ ಎಷ್ಟಕ್ಕಿಂತ ಇಳಿದರೆ ಚಿಪ್ಪು ಕೆಲಸ ನಿಲ್ಲಿಸಬೇಕು ಎಂಬ ಗೆರೆಯನ್ನು, 2.7 ವೋಲ್ಟಿನಿಂದ 4.3ಕ್ಕೆ ಏರಿಸಿದೆವು. ಎರಡು, ಲೆಕ್ಕವನ್ನು ಒಂದೇ ಜಾಗದಲ್ಲಿ ಬರೆಯದೆ 1024 ಬೈಟನ್ನು 32 ಬೈಟಿನ 32 ಕೋಣೆ ಮಾಡಿ, ಸರದಿಯಲ್ಲಿ ಬರೆಯುವುದು. ಪ್ರತಿ ಕೋಣೆಗೂ ಕ್ರಮಸಂಖ್ಯೆ ಮತ್ತು ಚೆಕ್‌ಸಮ್ (ಬರೆದದ್ದು ಪೂರ್ತಿ ಸರಿ ಇದೆಯೇ ಎಂದು ತಾಳೆ ನೋಡುವ ಅಂಕಿ). ಕರೆಂಟ್ ಬಂದಾಗ ಚೆಕ್‌ಸಮ್ ಸರಿ ಇರುವ ಕೊನೆಯ ಕೋಣೆಯನ್ನು ಓದುತ್ತದೆ. ಅರ್ಧ ಬರೆದ ಕೋಣೆ ತಾನಾಗಿ ಬಿಟ್ಟುಹೋಗುತ್ತದೆ, ನಷ್ಟವಾದರೆ ಒಂದು ಒತ್ತು. ಒಂದು ಬೈಟನ್ನು 1,00,000 ಸಲ ಬರೆಯಬಹುದು ಎಂಬುದು ಚಿಪ್ಪಿನ ಮಿತಿ. ಸರದಿ ಮಾಡಿದ ಮೇಲೆ ಅದು 32 ಪಟ್ಟು, ಹಲಗೆಯ ಆಯುಷ್ಯಕ್ಕೆ ಧಾರಾಳ.

ಹಂತ 6: ಡಿಸ್‌ಪ್ಲೇ ಕಿತ್ತದ್ದು

ಯಂತ್ರ ಸರಿಯಾದ ಮೇಲೆಯೇ ನಿಜವಾದ ದೋಷ ಕಂಡದ್ದು. ಯಾವುದಾದರೂ ಚೀಟಿಗೆ ಮೊದಲ ದಿನ ಹತ್ತು ಹನ್ನೆರಡು ಬಿದ್ದರೆ ಸಾಕು, ವಾರವಿಡೀ ಅದಕ್ಕೇ ಬೀಳುತ್ತದೆ. ಬಂದವರು ಹಲಗೆಯ ಮುಂದೆ ನಿಂತು ಮೊದಲು ಕೆಂಪು ಅಂಕಿಗಳನ್ನು ನೋಡುತ್ತಾರೆ, ದೊಡ್ಡ ಅಂಕಿಯ ಚೀಟಿ ಓದುತ್ತಾರೆ, ಅದನ್ನೇ ಒತ್ತುತ್ತಾರೆ. ಉಳಿದ ಐದು ಚೀಟಿಯನ್ನು ಓದಿಯೇ ಇರುವುದಿಲ್ಲ.

ಪರೀಕ್ಷೆಗೆ ಒಂದು ವಾರ ಐದು ಚೀಟಿಯನ್ನು ಸೊನ್ನೆಯಿಂದ, ಒಂದನ್ನು ಮಾತ್ರ 12ರಿಂದ ಶುರು ಮಾಡಿದೆವು. ಆ 12ನ್ನು ಕಳೆದು ನೋಡಿದರೂ ವಾರದ ಕೊನೆಗೆ ಅದೇ ಮುಂದಿತ್ತು. ಮುಂದಿನ ವಾರ ಅದೇ ಚೀಟಿಯನ್ನು ಸೊನ್ನೆಯಿಂದ, ಕೆಳಸಾಲಿನ ಎಡಗಡೆ ಇಟ್ಟಾಗ ಹಿಂದೆ ಬಿತ್ತು. ಒಂದು ಹಲಗೆಯ ಎರಡು ವಾರದಿಂದ ದೊಡ್ಡ ತೀರ್ಮಾನ ಮಾಡಬಾರದು, ಅಲ್ಲದೆ ಅಂಕಿ ಮತ್ತು ಜಾಗ ಎರಡನ್ನೂ ಒಟ್ಟಿಗೆ ಬದಲಿಸಿದ್ದು ನಮ್ಮದೇ ತಪ್ಪು, ಒಂದೊಂದಾಗಿ ಬದಲಿಸಬೇಕಿತ್ತು. ಆದರೆ 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಪ್ರಯೋಗವೂ ಇದೇ ದಿಕ್ಕಿನದು. ಅಂತರ್ಜಾಲದ ಅಭಿಪ್ರಾಯಗಳಿಗೆ ಸುಮ್ಮನೆ ಒಂದು ಮೆಚ್ಚುಗೆ ಸೇರಿಸಿಟ್ಟರೆ, ಮುಂದೆ ಓದುವ ಮೊದಲ ವ್ಯಕ್ತಿ ಮೆಚ್ಚುವ ಸಂಭವ 32 ಶೇಕಡಾ ಏರಿತು, ಕೊನೆಯ ಅಂಕ ಸರಾಸರಿ 25 ಶೇಕಡಾ ಹೆಚ್ಚಿತು. ಯೂಟ್ಯೂಬ್ 2021ರ ನವೆಂಬರಿನಲ್ಲಿ ನಾಪಸಂದಿನ ಬಟನ್ ಉಳಿಸಿ ಅದರ ಅಂಕಿಯನ್ನು ಮಾತ್ರ ಮರೆಮಾಡಿತು. ಬಟನ್ ಬೇರೆ, ಅಂಕಿ ಬೇರೆ ಎಂಬುದು ನಮಗೆ ಹೊಳೆಯಲು ಇಷ್ಟು ಕೆಲಸ ಆಗಬೇಕಾಯಿತು.

ಆರು ಡಿಸ್‌ಪ್ಲೇ ಬಿಚ್ಚಿದೆವು. 510 ರೂಪಾಯಿಯ ಸಾಮಾನು, ಕಪಾಟಿನಲ್ಲಿ ಉಂಟು. ಅದರ ಜಾಗಕ್ಕೆ ಚೀಟಿಗೊಂದು 5 ಮಿ.ಮೀ. ಎಲ್‌ಇಡಿ, 1 ಕಿಲೋ ಓಮ್ ರೆಸಿಸ್ಟರಿನೊಂದಿಗೆ. ಒತ್ತಿದರೆ ಹೊತ್ತಿಕೊಳ್ಳುತ್ತದೆ, ಒತ್ತು ಸಂದಿದೆ ಎಂದು ತಿಳಿಯುತ್ತದೆ, ಎಷ್ಟಾಯಿತು ಎಂದು ತಿಳಿಯುವುದಿಲ್ಲ. ದೀಪವೂ ಇಲ್ಲದಿದ್ದರೆ ಬಟನ್ ಕೆಟ್ಟಿದೆ ಎಂದುಕೊಂಡು ಜನ ಹತ್ತು ಸಲ ಒತ್ತುತ್ತಾರೆ.

ಶಾಲೆ ಬಿಟ್ಟ ಹೊತ್ತಿಗೆ ಮಕ್ಕಳು ಒಂದೇ ಸಮನೆ ಒತ್ತುವುದಕ್ಕೆ, ಒಂದು ಒತ್ತಿನ ಮೇಲೆ 45 ಸೆಕೆಂಡ್ ಬೀಗ ಇಟ್ಟೆವು. ಅದು ಹೆಚ್ಚಾಯಿತು. ಇಬ್ಬರು ಒಟ್ಟಿಗೆ ಓದಿದರೆ ಎರಡನೆಯವರ ಒತ್ತು ಸಲ್ಲುತ್ತಲೇ ಇರಲಿಲ್ಲ. 20 ಸೆಕೆಂಡಿಗೆ ಇಳಿಸಿ, ಬೀಗ ಇರುವಷ್ಟು ಹೊತ್ತೂ ದೀಪ ಉರಿಯುವಂತೆ ಮಾಡಿ, "ದೀಪ ಆರಿದ ಮೇಲೆ ಒತ್ತಿ" ಎಂದು ಬರೆದು ಅಂಟಿಸಿದ ಮೇಲೆ ಗೊಂದಲ ನಿಂತಿತು. ಸೋಮವಾರ ಬೆಳಿಗ್ಗೆ ಚೀಟಿಗಳ ಜಾಗವನ್ನೂ ಬದಲಿಸುತ್ತೇವೆ.

ಹಂತ 7: ಬೋರ್ಡೋ ಚೀಟಿ

ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದು ಹೇಗೆ ಎಂಬ ಪ್ರಶ್ನೆ ಬಂತು. ಎರಡು ಉತ್ತರ. ಒಂದು ಮುದ್ದಾದ ಅಕ್ಷರದಲ್ಲಿ, ಬಣ್ಣದ ಗೆರೆ ಎಳೆದು ಬರೆದದ್ದು: ಕಬ್ಬಿಣದ ಡ್ರಮ್ಮಿನಲ್ಲಿ ಮೈಲುತುತ್ತು ಕರಗಿಸಿ, ಅದರ ಮೇಲೆ ಸುಣ್ಣದ ನೀರು ಹೊಯ್ಯಿರಿ, ಹಿಂದಿನ ದಿನವೇ ಮಾಡಿಟ್ಟುಕೊಂಡರೆ ಬೆಳಿಗ್ಗೆ ಸಮಯ ಉಳಿಯುತ್ತದೆ. ಇನ್ನೊಂದು ಗೀಚಿದ ಅಕ್ಷರ: ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, ಬೇರೆ ಡ್ರಮ್ಮಿನಲ್ಲಿ 50 ಲೀಟರಿಗೆ 1 ಕಿಲೋ ಸುಣ್ಣ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು, ಉಜ್ಜಿ ಹೊಳಪು ಮಾಡಿದ ಕತ್ತಿ ಅದ್ದಿ ನೋಡಬೇಕು, ಕತ್ತಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು, ಅದೇ ದಿನ ಹೊಡೆದು ಮುಗಿಸಬೇಕು.

ಎರಡನೆಯದು ಸರಿ. ಮೊದಲನೆಯದರಲ್ಲಿ ಮೂರೂ ತಪ್ಪು: ಕಬ್ಬಿಣ ದ್ರಾವಣದ ತಾಮ್ರವನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ, ತಿರುವುಮುರುವು ಹೊಯ್ದರೆ ದ್ರಾವಣ ನಯವಾಗಿ ಕೂಡದೆ ಒಡೆಯುತ್ತದೆ, ಇಟ್ಟ ದ್ರಾವಣ ತಳಕ್ಕೆ ಇಳಿದು ಗೊನೆಗೆ ಅಂಟುವ ಗುಣ ಕಳೆದುಕೊಳ್ಳುತ್ತದೆ. ವಾರದ ಲೆಕ್ಕ ತೆಗೆದಾಗ ಮುಂದಿದ್ದದ್ದು ಮೊದಲನೆಯದೇ. ಅಂಕಿ ಮರೆಮಾಡಿದ ಮೇಲೂ.

ಅಡಿಕೆ ತೋಟದ ಹಿರಿಯರೊಬ್ಬರು ಹಲಗೆಯ ಮುಂದೆ ನಿಂತು ಕೇಳಿದ್ದು: "ಇದು ತಪ್ಪು ಅಂತ ಹೇಳ್ಲಿಕ್ಕೆ ಎಂತ ಒತ್ತಬೇಕು ಮಾರಾಯ್ರೆ?"

ಒತ್ತುವುದಕ್ಕೆ ಏನೂ ಇರಲಿಲ್ಲ. ನಮ್ಮ ಬಟನಿನ ಮೇಲೆ ಇದ್ದ ಪದ "ಮೆಚ್ಚುಗೆ". ಅಕ್ಷರ ಚೆಂದ ಎಂದು ಒತ್ತಿದ್ದೂ, ಬರೆದವರು ಪರಿಚಯದವರು ಎಂದು ಒತ್ತಿದ್ದೂ, ಮಾಡಿ ನೋಡಿ ಫಲ ಬಂದು ಒತ್ತಿದ್ದೂ ಅದರಲ್ಲಿ ಒಂದೇ. ಔಷಧಿಯ ಅಳತೆ ಬರೆಯುವ ಹಲಗೆಯಲ್ಲಿ ಅಂಥ ಬಟನ್ ನಿರುಪಯೋಗಿ ಮಾತ್ರವಲ್ಲ, ಅಪಾಯ. ಆ ಚೀಟಿಯನ್ನು ಅವತ್ತೇ ತೆಗೆದು, ಬರೆದವರಿಗೆ ತಿಳಿಸಿ, ಸರಿಯಾದ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಹಾಕಿದೆವು.

ಹಂತ 8: ಎರಡು ಬಟನ್, ಬೇರೆ ಮಾತು

ಡಿಸ್‌ಪ್ಲೇ ಹೋದದ್ದರಿಂದ ಡಿ9ರಿಂದ ಡಿ12, ಎ0, ಎ1 ಖಾಲಿ ಇದ್ದವು. ಅಲ್ಲಿಗೆ ಆರು ಕೆಂಪು ಬಟನ್. ಎಲ್‌ಇಡಿಗಳು ಡಿ8, ಡಿ13, ಎ2ರಿಂದ ಎ5. ಡಿ0, ಡಿ1 ಲೆಕ್ಕ ಓದಲು ಬಿಟ್ಟರೆ ನ್ಯಾನೋದ ಡಿಜಿಟಲ್ ಪಿನ್ ಎಲ್ಲ ಭರ್ತಿ. ಡಿ13ಕ್ಕೆ ಬೋರ್ಡಿನದ್ದೇ ದೀಪ ಇರುವುದರಿಂದ ಕರೆಂಟ್ ಬಂದಾಗ ಒಂದು ಚೀಟಿಯ ಎಲ್‌ಇಡಿ ಮಾತ್ರ ಪಿಳಿಪಿಳಿ ಮಾಡುತ್ತದೆ. ಅದು ದೋಷವಲ್ಲ.

ಬರಹ ಬದಲಾಯಿತು. ಹಸಿರು ಬಟನ್: "ಮಾಡಿ ನೋಡಿದೆ, ಸರಿಯಾಯಿತು." ಕೆಂಪು ಬಟನ್: "ತಿದ್ದುಪಡಿ ಉಂಟು." ಕೆಂಪಿನ ಪಕ್ಕ ಚಿಕ್ಕ ಚೀಟಿಗಳ ಕಟ್ಟು, ದಾರದಲ್ಲಿ ಪೆನ್ನು. ಏನು ತಪ್ಪು ಎಂದು ಬರೆದು ಪೆಟ್ಟಿಗೆಗೆ ಹಾಕಬೇಕು. ಬರಹವಿಲ್ಲದೆ ಬರೀ ಕೆಂಪು ಒತ್ತಿದ್ದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಕೆಂಪು ಮೂರಾದರೆ, ಪೆಟ್ಟಿಗೆಯಲ್ಲಿ ಏನೂ ಇಲ್ಲದಿದ್ದರೂ, ಆ ವಿಷಯ ತಿಳಿದವರೊಬ್ಬರನ್ನು ಕೇಳಿಯೇ ಚೀಟಿ ಉಳಿಸುವುದು. ಅಡಿಕೆಯ ವಿಷಯವಾದರೆ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದ ಪ್ರಕಟಣೆ ನೋಡುತ್ತೇವೆ.

ಹಸಿರು ಒತ್ತು ಒಮ್ಮೆಗೇ ಇಳಿಯಿತು. ಇಳಿಯಬೇಕಾದದ್ದೇ. ಮಾಡಿ ನೋಡಿದವರು ಯಾವಾಗಲೂ ಕಡಿಮೆ. ಈಗ ಐದು ಹಸಿರು ಬಿದ್ದ ಚೀಟಿಯನ್ನು ಧೈರ್ಯದಿಂದ ಫೈಲಿಗೆ ಸೇರಿಸಬಹುದು. ಕವನ, ಚುಟುಕು, ನೆನಪಿನ ಬರಹಗಳಿಗೆ ಬಟನ್ ಇಲ್ಲ. ಅವಕ್ಕೆ ಪಕ್ಕದ ಸಾದಾ ಹಲಗೆ. ಇಷ್ಟವಾದರೆ ಬರೆದವರಿಗೆ ಎದುರಿನಲ್ಲೇ ಹೇಳುತ್ತಾರೆ, ಊರು ಅಷ್ಟು ಚಿಕ್ಕದು.

ಹಂತ 9: ಲೆಕ್ಕ ಓದುವುದು

ಭಾನುವಾರ ಸಂಜೆ ಫೋನಿಗೆ ಓಟಿಜಿ ಕೇಬಲ್ ಹಾಕಿ, ಸೀರಿಯಲ್ ಟರ್ಮಿನಲ್ ಆ್ಯಪ್‌ನಲ್ಲಿ 9600 ವೇಗದಲ್ಲಿ ತೆರೆದರೆ ನ್ಯಾನೋ ರೀಸೆಟ್ ಆಗಿ ಹನ್ನೆರಡು ಅಂಕಿಯನ್ನು ಬರೆಯುತ್ತದೆ. ಇಲ್ಲಿ ಒಂದು ಮುಳ್ಳು ಉಂಟು: ಚಾರ್ಜರ್ ತೆಗೆದು ಫೋನಿನ ಕರೆಂಟಿನಲ್ಲೇ ಓದಲು ಹೋದರೆ ನ್ಯಾನೋ ಪದೇ ಪದೇ ರೀಸೆಟ್ ಆಗುತ್ತದೆ. ಫೋನಿನ ವೋಲ್ಟೇಜ್ ಮೊದಲೇ 5ಕ್ಕಿಂತ ಕಡಿಮೆ, ಡಯೋಡಿನಲ್ಲಿ ಇನ್ನಷ್ಟು ಇಳಿದು ನಾವೇ ಏರಿಸಿದ 4.3ರ ಬ್ರೌನ್‌ಔಟ್ ಗೆರೆಗೆ ತಾಗುತ್ತದೆ. ಚಾರ್ಜರ್ ಇದ್ದ ಹಾಗೆಯೇ ಓದಬೇಕು.

ಖರ್ಚು

ಪ್ಲೈ 1,440. ಲೋಹದ ಬಟನ್ 12ಕ್ಕೆ 1,140. ನ್ಯಾನೋ 280. ಡಿಸ್‌ಪ್ಲೇ 510. ಕೇಬಲ್ 20 ಮೀಟರ್ 300. ಚಾರ್ಜರ್ 200. ಪ್ಲಾಸ್ಟಿಕ್ ಪೆಟ್ಟಿಗೆ 150. ಎಲ್‌ಇಡಿ, ರೆಸಿಸ್ಟರ್, ಕೆಪಾಸಿಟರ್ 120. ಅಕ್ರಿಲಿಕ್ ಕೋಟಿಂಗ್, ಸಿಲಿಕಾ ಜೆಲ್ 90. ಎಸ್‌ಎಸ್ 304 ಸ್ಕ್ರೂ 60. ಮೊದಲು ಹಾಕಿ ಕಿತ್ತ ಟ್ಯಾಕ್ಟೈಲ್ ಸ್ವಿಚ್ 30. ಒಟ್ಟು 4,320 ರೂಪಾಯಿ. ಡಿಸ್‌ಪ್ಲೇ ಮತ್ತು ಮೊದಲ ಸ್ವಿಚ್ಚಿನ 540 ವ್ಯರ್ಥ.

ಈಗಿನ ಸ್ಥಿತಿ, ಆಗಸ್ಟ್

ಜುಲೈ ಮಳೆಯಲ್ಲಿ ಕೆಳಸಾಲಿನ ಬಲಗಡೆಯ ಕೆಂಪು ಬಟನ್ ಎರಡೆರಡು ಸಲ ಎಣಿಸತೊಡಗಿತು. ಅದು ಕಿಟಕಿಯ ಹತ್ತಿರ, ಎರಚಲು ನೇರ ಬಡಿಯುತ್ತದೆ. ಬಿಚ್ಚಿ ನೋಡಿದರೆ ಹಿಂಬದಿಯ ಟರ್ಮಿನಲ್ಲಿನಲ್ಲಿ ಹಸಿರು ಕಿಲುಬು. ಬೆಸುಗೆ ಹಾಕಿದ ಮೇಲೆ ಅಕ್ರಿಲಿಕ್ ಕೋಟಿಂಗ್ ಹಚ್ಚಲು ಆ ಒಂದು ಬಟನ್ ಬಿಟ್ಟುಹೋಗಿತ್ತು. ಟರ್ಮಿನಲ್ ಕೆರೆದು, ಹೊಸದಾಗಿ ಬೆಸುಗೆ ಹಾಕಿ, ಕೋಟಿಂಗ್ ಎರಡು ಸಲ ಹಚ್ಚಿದ್ದೇವೆ. ಸರ್ಕ್ಯೂಟಿನ ಪೆಟ್ಟಿಗೆಯಲ್ಲಿರುವ, ತೇವ ಹೀರುವ ಸಿಲಿಕಾ ಜೆಲ್ಲನ್ನು ಹದಿನೈದು ದಿನಕ್ಕೊಮ್ಮೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಒಣಗಿಸಿ ಮತ್ತೆ ಇಡುತ್ತಿದ್ದೇವೆ. ಕಿಟಕಿಗೆ ಒಂದು ಅಡಿ ಚಾಚಿದ ಶೀಟಿನ ಮಾಡು ಮಳೆ ಬಿಟ್ಟ ಮೇಲೆ ಹಾಕಬೇಕು. ಅಲ್ಲಿಯವರೆಗೆ ಆ ಜಾಗದಲ್ಲಿ ಔಷಧಿಯ ಅಳತೆ ಇರುವ ಚೀಟಿ ಹಾಕುತ್ತಿಲ್ಲ.